ಬರ್ತೀನಿ ಮಿಸ್

ನಮ್ಮಕ್ಕನಿಗೆ ಸನ್ಮಾನ ಮಾಡುವುದೆಂದರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ. ಮಾಡಿಸಲು ಹೋದವರ ಕೈ ಪರಚಿಹೋಗುತ್ತದೆಯೇ ಹೊರತು ಬೆಕ್ಕಿನ ಮೈ ಒದ್ದೆಯಾಗುವುದಿಲ್ಲ. ಇದನ್ನು ನಾನು ಸಿಸ್ಟರ್‌ಗೆ ಮೊದಲೇ ಹೇಳಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ? ನಾನು ದರ್ಜಿ. ಅಳತೆ ತೆಗೆಯುವಾಗ ಮಾತ್ರ ಎಲ್ಲರೂ ನನ್ನ ಮಾತು ಕೇಳುತ್ತಾರೆ. ಕೈ ಎತ್ತಿ ಅಂದರೆ ಎತ್ತುತ್ತಾರೆ, ಉಸಿರು ಬಿಡಿ ಅಂದರೆ ಬಿಡುತ್ತಾರೆ. ಟೇಪು ಮಡಚಿಟ್ಟ ಕೂಡಲೇ ನಾನು ಯಾರೋ, ಅವರು ಯಾರೋ.

ಸಿಸ್ಟರ್ ಅಂದರೆ ಚರ್ಚಿನ ಪಕ್ಕದ ಕಾನ್ವೆಂಟ್ ಶಾಲೆಯ ಹೆಡ್‌ಮಿಸ್ಟ್ರೆಸ್. ಬಿಳಿ ನಿಲುವಂಗಿ ತೊಟ್ಟು, ಎದೆಯ ಮೇಲೆ ಶಿಲುಬೆ ಇಳಿಬಿಟ್ಟುಕೊಂಡು ಅವರು ಕಾರಿಡಾರಿನಲ್ಲಿ ನಡೆದು ಬಂದರೆ ಮಕ್ಕಳಿರಲಿ, ಮೇಷ್ಟರುಗಳೂ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತಾರೆ. ಆದರೆ ಅವರೂ ಒಂದು ಕಾಲಕ್ಕೆ ನಮ್ಮಕ್ಕ ಪಾಠ ಹೇಳುವ ಒಂದನೇ ಕ್ಲಾಸಿನಲ್ಲಿ ಮೂಗು ಸುರಿಸಿಕೊಂಡು ಅಕ್ಷರ ತಿದ್ದಿದವರೇ. ಬಾಯಿ ಮುಚ್ಚುತ್ತಿರಲಿಲ್ಲವಾದ್ದರಿಂದ ಆಗ ಅವರಿಗೆ ಗಿಣಿ ಎಂದು ಹೆಸರು ಬಿದ್ದಿತ್ತು. ಅಕ್ಕ ನಾಲ್ಕು ಜನರ ಮುಂದೆ ಅವರನ್ನು ಸಿಸ್ಟರ್ ಎನ್ನುತ್ತಾಳೆ. ಕೋಪ ಬಂದಾಗ ಗಿಣಿ.

ಅಕ್ಕ ಮದುವೆಯಾಗಲಿಲ್ಲ. ನಾನು ಆದೆ, ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಹೊತ್ತುಕೊಂಡು ಅವಳ ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ಕೂತು ಆ ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಅಕ್ಕ ಹಗಲೆಲ್ಲ ಶಾಲೆಯಲ್ಲಿ ಮಕ್ಕಳನ್ನು ತಿದ್ದಿ, ಮನೆಗೆ ಬಂದು ನನ್ನನ್ನು ತಿದ್ದುತ್ತಾಳೆ. ನನಗೆ ಮೊಮ್ಮಕ್ಕಳಾಗುವ ವಯಸ್ಸಾದರೂ ಅವಳ ಬಾಯಲ್ಲಿ ನಾನಿನ್ನೂ ಪುಟ್ಟಿ.

ಒಂದನೇ ಕ್ಲಾಸಿನ ಬಾಗಿಲಲ್ಲಿ ಅವಳದೊಂದು ಕಾನೂನು ಇತ್ತು. ಸಂಜೆ ಗಂಟೆ ಹೊಡೆದಾಗ ಯಾವ ಮಗುವೂ "ಹೋಗ್ತೀನಿ ಮಿಸ್" ಅನ್ನುವಂತಿರಲಿಲ್ಲ. ಅಂದರೆ ಮುಗಿಯಿತು ಕಥೆ. ವಾಪಸ್ ಹೋಗಿ, ಚೀಲ ಕೆಳಗಿಟ್ಟು, ಬೆಂಚಿನ ಮೇಲೆ ಕೂತು, ಮತ್ತೆ ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲಿಗೆ ಬಂದು "ಹೋಗಿ ಬರ್ತೀನಿ ಮಿಸ್" ಅನ್ನಬೇಕು. "ಹೋಗ್ತೀನಿ ಅಂದೋರು ಹೋಗೇಬಿಡ್ತಾರೆ. ಬರ್ತೀನಿ ಅಂದೋರು ಬರ್ತಾರೆ" ಎಂದು ಪಾಠ. ಎಲ್ಲರ ಮನೆಯಲ್ಲೂ ಹಿರಿಯರು ಹೇಳುವ ಮಾತೇ ಇದು, ಹೊಸದೇನಲ್ಲ. ಆದರೆ ಇವಳ ಹಾಗೆ ಇದನ್ನು ಲೆಕ್ಕದ ಮಗ್ಗಿಯಂತೆ ಉರು ಹೊಡೆಸಿದವರು ಇನ್ನೊಬ್ಬರಿಲ್ಲ.

ಯಾಕೆಂದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು. ನಮ್ಮಪ್ಪ ಲಾರಿ ಓಡಿಸುತ್ತಿದ್ದ. ದಿನಾ ಹೊರಡುವಾಗ ಬರ್ತೀನಿ ಎನ್ನುತ್ತಿದ್ದವನು ಒಂದು ಬೆಳಿಗ್ಗೆ ಆತುರದಲ್ಲಿ "ಹೋಗ್ತೀನಿ ಮಕ್ಕಳಾ" ಎಂದುಬಿಟ್ಟ. ಅಕ್ಕ ಆಗ ಒಂದನೇ ಕ್ಲಾಸು. ಅವಳು ಹಿಂದೆಯೇ ಓಡಿ "ಬರ್ತೀನಿ ಅನ್ನು ಅಪ್ಪಾ" ಎಂದು ಕೂಗಿದಳಂತೆ. ಲಾರಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವನು ಬರಲೂ ಇಲ್ಲ.

ಈ ವರ್ಷ ಅಕ್ಕನಿಗೆ ನಿವೃತ್ತಿ. ಸಿಸ್ಟರ್ ಮನೆಗೇ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಮಿಸ್, ಶನಿವಾರ ಸಾಯಂಕಾಲ ಹಾಲ್‌ನಲ್ಲಿ ಒಂದು ಚಿಕ್ಕ ಕಾರ್ಯಕ್ರಮ ಇಟ್ಕೊಂಡಿದ್ದೀವಿ."

"ಯಾರಿಗೆ?"

"ನಿಮಗೇ."

"ಬೇಡ."

"ನೀವೇನೂ ಮಾಡೋದು ಬೇಡ ಮಿಸ್. ಬಂದು ಕೂತ್ಕೊಂಡ್ರೆ ಸಾಕು. ಹಳೇ ಮಕ್ಕಳೆಲ್ಲ ಬರ್ತಾರೆ. ಕೊನೇಲಿ ನೀವು ಎರಡು ಮಾತು ಹೇಳಿದ್ರೆ ಆಯ್ತು."

"ಆ ಎರಡು ಮಾತು ಯಾವುದು ಅಂತ ನೀನೇ ಹೇಳ್ಬಿಡು ಗಿಣಿ" ಎಂದಳು ಅಕ್ಕ. ಗಿಣಿ ಎಂದಾಗಲೇ ನಾನು ಯಂತ್ರದ ಪೆಡಲು ತುಳಿಯುವುದನ್ನು ನಿಲ್ಲಿಸಿದೆ. "ಸ್ಟೇಜ್ ಮೇಲೆ ನಿಂತು ಹೋಗ್ತೀನಿ ಅನ್ಲಾ? ಇಷ್ಟು ವರ್ಷ ಆ ಮಾತು ಅಂದ ಮಕ್ಕಳನ್ನ ವಾಪಸ್ ಕಳಿಸಿದ್ದೀನಿ. ಬರ್ತೀನಿ ಅನ್ಲಾ? ಸೋಮವಾರದಿಂದ ನನ್ನ ಕುರ್ಚೀಲಿ ಬೇರೆಯೋರು ಕೂರ್ತಾರೆ. ನಾನು ಬರೋದಿಲ್ಲ. ಮಕ್ಕಳ ಮುಂದೆ ಇವತ್ತಿನವರೆಗೂ ಸುಳ್ಳು ಹೇಳಿಲ್ಲ ನಾನು. ಕೊನೇ ದಿನ ಶುರು ಮಾಡ್ಲಾ?"

ಗಿಣಿ ಕುರ್ಚಿಯ ತುದಿಯಿಂದ ಎದ್ದರು. ಬಾಗಿಲವರೆಗೆ ಕಳಿಸಲು ಹೋದಾಗ ಅವರು ನನ್ನ ಕೈ ಹಿಡಿದುಕೊಂಡು, "ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ ಅಮ್ಮಾ, ನಿಮ್ಮ ದಮ್ಮಯ್ಯ" ಎಂದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದು ನಮ್ಮ ಮನೆತನದಲ್ಲೇ ಇದೆ ಎಂದು ಹೇಳೋಣ ಅನ್ನಿಸಿತು.

ಶುಕ್ರವಾರ ಅಕ್ಕನ ಕೊನೆಯ ದಿನ. ಅವತ್ತು ಅವಳು ಏನು ಮಾಡಿದಳು ಗೊತ್ತೇ? ಸಂಜೆ ಗಂಟೆ ಹೊಡೆಯುವ ಮುಂಚೆಯೇ ಮಕ್ಕಳನ್ನು ಪಕ್ಕದ ಕ್ಲಾಸಿನ ಟೀಚರಿಗೆ ಒಪ್ಪಿಸಿ, ಯಾರಿಗೂ ಒಂದು ಮಾತು ಹೇಳದೆ, ಹಿಂದಿನ ಗೇಟಿನಿಂದ ಮನೆಗೆ ಬಂದುಬಿಟ್ಟಳು. ಹೊಸ್ತಿಲ ಮೇಲೆ ಕೂತವಳು ಹೆಗಲ ಮೇಲಿನ ಚೀಲವನ್ನೂ ಇಳಿಸಲಿಲ್ಲ. ಕಾಫಿ ತಣ್ಣಗಾಯಿತು. ನನ್ನಂಥವಳು ಕೋಪ ಬಂದರೆ ನಾಲ್ಕು ಮಾತು ಒದರಿ ಹಗುರಾಗುತ್ತೇನೆ. ಇವಳು ಹಾಗಲ್ಲ. ಹೇಳದೆ ಬಂದ ಈ ಮಾತು ಇವಳ ಗಂಟಲಲ್ಲಿ ಜೀವಮಾನವಿಡೀ ಸಿಕ್ಕಿಕೊಂಡು ಕೂರುತ್ತದೆ ಎಂದು ನನಗೆ ಖಾತ್ರಿಯಾಯಿತು. ಎಳೆದುಕೊಂಡಾದರೂ ಹೋಗಬೇಕು, ಆ ಮಕ್ಕಳೆದುರು ನಿಲ್ಲಿಸಬೇಕು ಎಂದು ಪಣ ತೊಟ್ಟೆ.

ಶನಿವಾರ ಬೆಳಿಗ್ಗೆ ಮೊದಲು ಫಾದರ್ ಬಳಿ ಹೋದೆ. "ಫಾದರ್, ಸುಳ್ಳು ಹೇಳಿ ಒಬ್ಬರನ್ನ ಒಳ್ಳೇ ಕೆಲಸಕ್ಕೆ ಕರ್ಕೊಂಡು ಬಂದ್ರೆ ಪಾಪ ಬರುತ್ತಾ?"

ಫಾದರ್ ಗಲ್ಲ ಕೆರೆದುಕೊಂಡರು. "ಯಾರನ್ನ? ಮಿಸ್‌ನ?"

"ಹೂಂ."

"ಸಣ್ಣ ಪಾಪ. ಒಂದು ಜಪಮಾಲೆ ಹೇಳಿದ್ರೆ ಕಳೆಯುತ್ತೆ. ಬೇಕಾದ್ರೆ ಈಗಲೇ ಹೇಳ್ಕೊಂಡು ಹೋಗಿ. ಆಮೇಲೆ ಗಡಿಬಿಡೀಲಿ ಮರೆತುಹೋಗುತ್ತೆ."

ಪ್ರಾಯಶ್ಚಿತ್ತ ಮುಂಚಿತವಾಗಿ ಮುಗಿಸಿಕೊಂಡು, ಧೈರ್ಯವಾಗಿ ಸುಳ್ಳು ಹೇಳಲು ಮನೆಗೆ ಬಂದೆ. ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ಅಕ್ಕಾ, ಹಾಲ್‌ಗೆ ಹೊಲಿದ ಪರದೆ ಕೊಟ್ಟು ಬರ್ಬೇಕು. ಒಬ್ಬಳ ಕೈಲಿ ಹೊರೋಕಾಗಲ್ಲ, ಜೊತೆಗೆ ಬಾ."

"ಅದನ್ನ ಮಂಗಳವಾರಾನೇ ಕೊಟ್ಟಿದ್ದೀಯಲ್ಲೇ."

"ಅಲ್ಲ... ಸಿಸ್ಟರ್‌ಗೆ ಮೈಗೆ ಹುಷಾರಿಲ್ಲವಂತೆ. ನೋಡ್ಕೊಂಡು ಬರೋಣ ಅಂತ."

"ಬೆಳಿಗ್ಗೆಯಿಂದ ಮೈಕಿನಲ್ಲಿ ಒನ್ ಟೂ ತ್ರೀ ಅಂತ ಕಿರುಚ್ತಿರೋದು ಇಲ್ಲೀವರೆಗೂ ಕೇಳಿಸ್ತಿದೆ. ಹುಷಾರಾಗೇ ಇದ್ದಾಳೆ." ಅಕ್ಕ ತಲೆ ಎತ್ತಲೇ ಇಲ್ಲ. "ಪುಟ್ಟಿ, ನಿನಗೆ ಚಿಕ್ಕಂದಿನಿಂದ ಸುಳ್ಳು ಹೇಳೋಕೆ ಬರಲ್ಲ. ಸುಳ್ಳು ಹೇಳುವಾಗ ಮೂಗು ತಿಕ್ಕೋತೀಯ."

ನನ್ನ ಬೆರಳು ಮೂಗಿನ ಮೇಲೇ ಇತ್ತು. ಜಪಮಾಲೆ ದಂಡ. ಅವಳಿಗೆಂದೇ ಹೊಲಿದಿಟ್ಟಿದ್ದ ನೀಲಿ ಬಟ್ಟೆಯನ್ನು ಮಂಚದ ಮೇಲೆ ಬಿಸಾಡಿ ಯಂತ್ರದ ಮುಂದೆ ಕೂತೆ. ಗಳಿಗೆಗೊಮ್ಮೆ ಸಿಸ್ಟರ್ ಫೋನು, "ಒಪ್ಪಿದ್ರಾ? ಒಪ್ಪಿದ್ರಾ?" ಎಂದು. ಮನೆಯ ಫೋನನ್ನು ಅಕ್ಕ ಎತ್ತಿ ಪಕ್ಕಕ್ಕಿಟ್ಟಳು. ತಲೆಕೆಟ್ಟು ನಾನೂ ನನ್ನ ಮೊಬೈಲು ಆಫ್ ಮಾಡಿದೆ. ಆ ಎರಡು ಫೋನುಗಳೇ ಮುಂದಿನ ರಾದ್ಧಾಂತಕ್ಕೆ ಅರ್ಧ ಕಾರಣ.

ಇನ್ನರ್ಧಕ್ಕೆ ಕಾರಣ ಗೇಟಿನವನು. ಶಾಲೆಯ ಗೇಟು ಕಾಯುವುದು, ಚರ್ಚಿನ ಗಂಟೆ ಬಾರಿಸುವುದು ಎರಡೂ ಅವನ ಕೆಲಸ. ಮಾತಿನಲ್ಲಿ ಮಹಾ ಜಿಪುಣ, ಬಾಯಿಗೆ ಬಂದದ್ದರಲ್ಲಿ ಅರ್ಧವನ್ನು ನುಂಗಿಬಿಡುತ್ತಾನೆ. ಅದಕ್ಕೇ ಎಲ್ಲರೂ ಅವನನ್ನು ಅರೆಮಾತು ಅನ್ನುವುದು. ಅವನ ಬಾಯಲ್ಲಿ ಊಟದ ಬೆಲ್ಲು ಬರೀ ಊಟ, ಪರೀಕ್ಷೆ ಬರೀ ಪರೀ. ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಆಮೇಲೆ ಎಲ್ಲರನ್ನೂ ನಿಲ್ಲಿಸಿ ಜಾಡಿಸಿದಾಗ ಹೊರಗೆ ಬಿದ್ದದ್ದು.

ಬ್ಯಾನರ್ ಮಾಡಿಸಲು ಮರೆತದ್ದು ಸಿಸ್ಟರ್‌ಗೆ ನೆನಪಾದದ್ದೇ ಅಂದು ಬೆಳಿಗ್ಗೆ. "ಮಿಸ್ ರಿಟೈರಾಗಿ ಹೊರಟಿದ್ದಾರೆ, ಸಾಯಂಕಾಲ ಕಾರ್ಯಕ್ರಮ ಇದೆ, ಫೋಟೋ ಹಾಕಿ ಒಂದು ಒಳ್ಳೇ ಬ್ಯಾನರ್ ಮಾಡೋಕೆ ಬಳಪನಿಗೆ ಫೋನ್ ಮಾಡಿ ಹೇಳು" ಎಂದು ಅರೆಮಾತಿಗೆ ಹೇಳಿದರು. ಬಳಪ ಅಂದರೆ ಬಸ್ ನಿಲ್ದಾಣದೆದುರಿನ ಬ್ಯಾನರ್ ಅಂಗಡಿಯವನು. ಅಕ್ಕನ ಕ್ಲಾಸಿನಲ್ಲಿದ್ದಾಗ ಬರೆಯುವ ಬಳಪವನ್ನು ತಿನ್ನುತ್ತಿದ್ದನಾದ್ದರಿಂದ ಆ ಹೆಸರು. ಅರೆಮಾತು ಫೋನಿನಲ್ಲಿ ಹೇಳಿದ್ದು ಇಷ್ಟು:

"ಮಿಸ್ ಹೊರಟ್ರು. ಸಾಯಂಕಾಲ ಕಾರ್ಯ. ಬ್ಯಾನರ್ ಹಾಕು, ದೊಡ್ಡ ಫೋಟೋ."

ನೀವೇ ಹೇಳಿ. ಹೊರಟ್ರು, ಕಾರ್ಯ, ದೊಡ್ಡ ಫೋಟೋ. ಇದನ್ನು ಕೇಳಿ ಯಾರು ತಾನೇ ಸನ್ಮಾನ ಅಂದುಕೊಳ್ಳುತ್ತಾರೆ? ಕಾರ್ಯಕ್ರಮಕ್ಕೆ ಹೂಗುಚ್ಛ ಒಯ್ಯಬೇಕು, ಕಾರ್ಯಕ್ಕೆ ಕರವಸ್ತ್ರ. ಬಳಪ ಅಲ್ಲೇ ಕುಕ್ಕರಿಸಿದನಂತೆ. "ಅಯ್ಯೋ, ಯಾವಾಗ?" ಎಂದು ಕೇಳಿದ್ದಕ್ಕೆ ಅರೆಮಾತು "ಇವತ್ತೇ" ಎಂದು ಫೋನಿಟ್ಟ. ಬಳಪ ಅಳುತ್ತಲೇ ಬ್ಯಾನರ್ ಮಾಡಿದ. ಅಳುತ್ತಲೇ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲಿ ಬರವೇ? ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಅರ್ಧ ಊರಿಗೆ ನಮ್ಮಕ್ಕ ಸತ್ತಿದ್ದಳು.

ಬಳಪನ ಹುಡುಗರು ಬ್ಯಾನರನ್ನು ಹಾಲಿನ ಸ್ಟೇಜಿಗೆ ಕಟ್ಟುವ ಹೊತ್ತಿಗೆ ಹಳೇ ವಿದ್ಯಾರ್ಥಿಗಳು ಬಿಕ್ಕುತ್ತಾ ಬರತೊಡಗಿದ್ದರು. ಸಿಸ್ಟರ್ ಹೊರಗೆ ಬಂದು ನೋಡಿದರು. ಬ್ಯಾನರ್ ಓದಿದರು. ಅಕ್ಕನಿಗೆ ಫೋನು ಮಾಡಿದರು, ಎಂಗೇಜು. ನನಗೆ ಮಾಡಿದರು, ಸ್ವಿಚ್ ಆಫ್. "ಪಾಪ, ತಂಗಿ ಯಾವ ಸ್ಥಿತೀಲಿದ್ದಾರೋ" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದರು. ಹೆಡ್‌ಮಿಸ್ಟ್ರೆಸ್ಸೇ ಅತ್ತ ಮೇಲೆ ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಫಾದರ್ ಬಂದು, ಮೊದಲು ಹಾಲ್‌ನಲ್ಲಿ ಎಲ್ಲರೂ ಒಂದು ಪ್ರಾರ್ಥನೆ ಮಾಡೋಣ, ಆಮೇಲೆ ಒಟ್ಟಿಗೇ ಮನೆಗೆ ಹೋಗೋಣ ಎಂದು ತೀರ್ಮಾನಿಸಿ, ಅರೆಮಾತಿಗೆ ಗಂಟೆ ಹೊಡೆಯಲು ಹೇಳಿದರು. ತಾನೇ ಹಬ್ಬಿಸಿದ ಸುದ್ದಿ ತನಗೇ ವಾಪಸ್ ಬಂದಾಗ ಅರೆಮಾತೂ ನಂಬಿದ. ಕಣ್ಣೊರೆಸಿಕೊಂಡು ಗೋಪುರ ಹತ್ತಿದ.

ಇತ್ತ ನಮ್ಮ ಮನೆಗೆ ಗಂಟೆ ಕೇಳಿಸಿತು. ಪೂಜೆಯ ಗಂಟೆಯಲ್ಲ. ಒಂದು ಹೊಡೆದು, ಉಸಿರು ಹಿಡಿಯುವಷ್ಟು ಹೊತ್ತು ಸುಮ್ಮನಿದ್ದು, ಮತ್ತೊಂದು. ಸಾವಿನ ಗಂಟೆ.

ಅಕ್ಕ ಸಾಯಂಕಾಲದ ಕಾಫಿ ಲೋಟ ಕೆಳಗಿಟ್ಟಳು. "ಯಾರೋ ಹೋದ್ರು ಕಣೇ ಪುಟ್ಟಿ."

ಅವಳದು ಇನ್ನೊಂದು ಕಾನೂನು ಇದೆ. ಚರ್ಚಿನಲ್ಲಿ ಸಾವಿನ ಗಂಟೆ ಕೇಳಿಸಿದರೆ ಯಾರು, ಏನು, ಎತ್ತ ಎಂದು ವಿಚಾರಿಸದೆ ಹೊರಡುವುದು. ಸತ್ತವರಿಗೆ ಜನ ಕಡಿಮೆಯಾಗಬಾರದು ಎನ್ನುತ್ತಾಳೆ. ಆಗಲೇ ಎದ್ದು, ಸಾವಿಗೆಂದೇ ಇಟ್ಟಿರುವ ಬೂದು ಬಣ್ಣದ ಹಳೇ ಬಟ್ಟೆ ತೊಟ್ಟು, ತಲೆಗೆ ಕರಿ ವಸ್ತ್ರ ಹೊದ್ದುಕೊಂಡಳು.

ದೇವರೇ ನನ್ನ ಜಪಮಾಲೆ ಕೇಳಿಸಿಕೊಂಡ ಎಂದುಕೊಂಡೆ. ಚರ್ಚಿನ ಪಕ್ಕದಲ್ಲೇ ಶಾಲೆ. ಸತ್ತ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈ ಮುಗಿದೆ. "ಅಕ್ಕಾ, ಈ ನೀಲಿದು ಹಾಕ್ಕೋ" ಎಂದೆ.

"ನಿನಗೇನು ಬುದ್ಧಿ ಗಿದ್ಧಿ ಇದೆಯೇನೇ? ಸತ್ತೋರ ಮುಂದೆ ಯಾರಾದ್ರೂ ಹೊಸ ಬಟ್ಟೆ ಹಾಕ್ಕೊಂಡು ಮೆರೀತಾರಾ?"

ಹಿಂದಿನ ಗಲ್ಲಿಯಿಂದ ಹೋದೆವು. ಚರ್ಚಿನಲ್ಲಿ ನರಪಿಳ್ಳೆಯೂ ಇರಲಿಲ್ಲ, ಜನರೆಲ್ಲ ಪಕ್ಕದ ಹಾಲ್‌ನಲ್ಲಿದ್ದರು. ಅಕ್ಕ ಬಾಗಿಲಲ್ಲಿ ಅನುಮಾನದಿಂದ ನನ್ನ ಮುಖ ನೋಡಿದಳು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ, ಮೂಗು ಮುಟ್ಟದ ಹಾಗೆ. ಆದರೆ ಒಳಗಿನ ಅಳು ನಿಜವಾದ ಅಳು. ಅದು ಕೇಳಿ ಅವಳ ಅನುಮಾನ ಹೋಯಿತು. ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಳುವಾಗ ಮಂಜಾಗುತ್ತದೆಂದು ಸಾವಿನ ಮನೆಯಲ್ಲಿ ಅವಳು ಮೊದಲೇ ತೆಗೆದಿಡುತ್ತಾಳೆ. ಜನ ಬಾಗಿಲವರೆಗೂ ತುಂಬಿದ್ದರು. ಸನ್ಮಾನಕ್ಕೆ ಬರುತ್ತೇನೆಂದು ಅರ್ಧ ಹಾಲಿನಷ್ಟು ಜನ ಒಪ್ಪಿದ್ದರಂತೆ. ಬದುಕಿದ್ದವರಿಗೆ ಬಿಡುವಿಲ್ಲ, ಸತ್ತವರಿಗೆ ರಜೆ ಹಾಕಿ ಬರುತ್ತಾರೆ! ಹಿಂದಿನ ಸಾಲಿನ ಬೆಂಚಿನಲ್ಲಿ, ಕಂಬದ ಹಿಂದೆ, ಇಬ್ಬರಿಗೆ ಜಾಗ ಸಿಕ್ಕಿತು. ಎಲ್ಲರ ಮುಖವೂ ಕರವಸ್ತ್ರದಲ್ಲಿ ಹೂತಿತ್ತು. ನಮ್ಮನ್ನು ಯಾರೂ ನೋಡಲಿಲ್ಲ.

ಮೈಕಿನ ಮುಂದೆ ದಪ್ಪನೆಯ ಬಸ್ ಕಂಡಕ್ಟರೊಬ್ಬ ನಿಂತಿದ್ದ. "ಬಸ್ಸಿಂದ ಇಳಿಯೋರಿಗೆ ಎಲ್ಲಾ ಕಂಡಕ್ಟರ್‌ಗಳೂ ಬೇಗ ಇಳೀರಿ ಅಂತಾರೆ. ನಾನು ಒಬ್ಬೊಬ್ಬರಿಗೂ ಹೋಗಿ ಬನ್ನಿ ಅಂತೀನಿ. ಲೇಟಾಗುತ್ತೆ ಅಂತ ಡ್ರೈವರ್ ಬೈತಾನೆ. ಬೈಲಿ ಬಿಡಿ. ಮಿಸ್ ಕಲಿಸಿದ್ದು ಹೇಗೆ ಬಿಡ್ಲಿ?" ಎಂದು ಕಣ್ಣೊರೆಸಿಕೊಂಡ.

ಅಕ್ಕ ನನ್ನ ಕಿವಿಯಲ್ಲಿ, "ಯಾರೋ ಟೀಚರ್ ಹೋಗಿದ್ದಾರೆ ಕಣೇ. ಒಳ್ಳೆಯೋರಿದ್ದ ಹಾಗಿದೆ, ಪಾಪ" ಎಂದಳು.

ನಂತರ ಒಬ್ಬ ನರ್ಸ್ ಬಂದಳು. "ವಾಸಿಯಾಗಿ ಮನೆಗೆ ಹೊರಟೋರಿಗೆ ಅಭ್ಯಾಸಬಲದಿಂದ ಹೋಗಿ ಬನ್ನಿ ಅಂದ್ಬಿಡ್ತಿದ್ದೆ. ಯಾಕಮ್ಮ, ಮತ್ತೆ ಬಂದು ಅಡ್ಮಿಟ್ ಆಗ್ಬೇಕಾ ಅವರು ಅಂತ ಡಾಕ್ಟರ್ ಹತ್ರ ಎಷ್ಟು ಸಲ ಬೈಸ್ಕೊಂಡೆನೋ." ಅಳುತ್ತಿದ್ದವರೆಲ್ಲ ಮೂಗು ಸೀಟುತ್ತಲೇ ನಕ್ಕರು. "ಆದ್ರೆ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗುವಾಗ ಹೆದರಿ ನಡುಗ್ತಿರ್ತಾರಲ್ಲ, ಅವರಿಗೆ ಹೇಳ್ತೀನಿ. ಬಾಗಿಲಲ್ಲಿ ನಿಂತಿರೋ ನಿಮ್ಮೋರಿಗೆ ಹೋಗಿ ಬರ್ತೀನಿ ಅಂತ ಹೇಳಿ ಅಂತ. ಹೇಳ್ತಾರೆ. ಹೇಳಿದ ಮೇಲೆ ನಡುಕ ನಿಲ್ಲುತ್ತೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಮಿಸ್ ಹೇಳ್ಕೊಟ್ಟಿದ್ದು."

ನಾನು ಕಂಬದಾಚೆ ಕತ್ತು ಚಾಚಿ ನೋಡಿದೆ. ಸ್ಟೇಜಿನ ಹಿಂದೆ, ಗೋಡೆಯಗಲಕ್ಕೆ, ನಮ್ಮಕ್ಕ ಗುರುಗುಟ್ಟಿಕೊಂಡು ನೋಡುತ್ತಿದ್ದಳು. ಗುರುತಿನ ಚೀಟಿಯ ಫೋಟೋ, ಅದರಲ್ಲಿ ಅವಳು ಯಾವಾಗಲೂ ಹಾಗೇ. ಕೆಳಗೆ ಕಪ್ಪು ಅಕ್ಷರ. ಪಕ್ಕಕ್ಕೆ ನೋಡಿದರೆ ಸತ್ತವಳು ಬೂದು ಬಟ್ಟೆಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ, "ನಾನೂ ಮಕ್ಕಳಿಗೆ ಇದನ್ನೇ ಹೇಳ್ಕೊಡ್ತಿದ್ದೆ. ಎಲ್ಲಾ ಟೀಚರ್‌ಗಳೂ ಹೇಳ್ಕೊಡ್ತಾರೆ ಅಂತ ಕಾಣುತ್ತೆ" ಎನ್ನುತ್ತಿದ್ದಳು. ಇವಳಿಗೆ ಹೇಗೆ ಹೇಳಲಿ? ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಬಾಯಿ ತೆರೆದೆ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಸಿಸ್ಟರ್ ಮೈಕು ಹಿಡಿದರು. "ನಿನ್ನೆ ಸಂಜೆ ಮಿಸ್ ಹಿಂದಿನ ಗೇಟಿಂದ ಹೊರಟುಹೋದ್ರು" ಎಂದವರ ದನಿ ಒಡೆಯಿತು. "ನಮಗೆಲ್ಲ ಬರ್ತೀನಿ ಅನ್ನೋದು ಕಲಿಸಿ, ತಾವು ಮಾತ್ರ ಒಂದು ಮಾತೂ ಹೇಳದೆ ಹೋಗ್ಬಿಟ್ರು. ಒಂದನೇ ಕ್ಲಾಸಿನ ಮಕ್ಕಳು ಚೀಲ ಹಾಕ್ಕೊಂಡು ಆ ಬಾಗಿಲಲ್ಲಿ ಕಾಯ್ತಾನೇ ಇದ್ರು. ಮಿಸ್‌ಗೆ ಹೇಳದೆ ಹೇಗೆ ಹೋಗೋದು ಅಂತ. ಯಾರು ಕರೆದ್ರೂ ಹೊರಡಲಿಲ್ಲ. ನಾನೇ ಅವರ ಜಾಗದಲ್ಲಿ ನಿಂತು ಕಳಿಸ್ಬೇಕಾಯ್ತು."

ಪಕ್ಕದಲ್ಲಿ ಅಕ್ಕನ ತೋಳು ಅರ್ಧದಲ್ಲೇ ನಿಂತಿತು. ಅವಳು ಚೀಲಕ್ಕೆ ಕೈ ಹಾಕಿ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು. ಎದ್ದು ನಿಂತು, ಒಂದನೇ ಕ್ಲಾಸಿನ ಮಕ್ಕಳು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಬ್ಯಾನರನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ನಮ್ಮೆಲ್ಲರ ಪ್ರೀತಿಯ ಮಿಸ್ ನಮ್ಮನ್ನು ಅಗಲಿದ್ದಾರೆ. ಭಾವಪೂರ್ಣ ಶ್ರದ್ದಾಂಜಲಿ.

"ಬಳಪಾ!"

ಮೈಕಿಲ್ಲದೆಯೇ ಆ ಕೂಗು ಛಾವಣಿಗೆ ಹೊಡೆದು ವಾಪಸ್ ಬಂತು. "ಶ್ರದ್ಧಾಂಜಲಿಗೆ ಯಾವ ಒತ್ತು ಹಾಕಿದ್ದೀಯೋ? ಧ ಒತ್ತಿನ ಹೊಟ್ಟೆ ಸೀಳ್ಬೇಕು ಅಂತ ಎಷ್ಟು ಸಲ ಹೇಳಿದ್ದೀನಿ ನಿನಗೆ? ನನ್ನನ್ನ ಸಾಯಿಸಿದ್ದೂ ಅಲ್ಲದೆ ತಪ್ಪಕ್ಷರದಲ್ಲಿ ಸಾಯಿಸಿದ್ದೀಯಲ್ಲೋ!"

ಆಮೇಲೆ ಆದ ಗಲಾಟೆ ಕೇಳಬೇಡಿ. ಮುಂದಿನ ಸಾಲಿನ ಬೆಂಚು ಜನರ ಸಮೇತ ಮಗುಚಿತು. ಕಂಡಕ್ಟರ್ ನರ್ಸಿನ ಹಿಂದೆ ಅವಿತುಕೊಂಡ. ಫಾದರ್ ಶಿಲುಬೆಯ ಗುರುತು ಹಾಕಿಕೊಂಡು, ಕಣ್ಣು ಮುಚ್ಚಿ, ತೆರೆದು, ಮತ್ತೆ ಹಾಕಿಕೊಂಡರು. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವನು ಬಳಪ. ಒಂದನೇ ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೆ ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡು, "ತಪ್ಪಾಯ್ತು ಮಿಸ್" ಎಂದ. ದೆವ್ವವೇ ಆದರೂ ಅದು ಮಿಸ್‌ನ ದೆವ್ವ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

"ಮಿಸ್... ನೀವು... ಹೋಗಿಲ್ವಾ?" ಎಂದರು ಸಿಸ್ಟರ್, ಮೈಕಿನಲ್ಲೇ.

"ರಜಾ ಚೀಟಿ ಕೊಡದೆ ನಾನು ಯಾವತ್ತಾದ್ರೂ ಎಲ್ಲಿಗಾದ್ರೂ ಹೋಗಿದ್ದೀನಾ ಗಿಣಿ?"

ಆಗ ಶುರುವಾಯಿತು ಹಾಲಿನಲ್ಲಿ ನಗು. ಅಳು ಇನ್ನೂ ನಿಂತಿರಲಿಲ್ಲವಾದ್ದರಿಂದ ಎರಡೂ ಒಟ್ಟಿಗೇ. ಸಿಸ್ಟರ್ ಸ್ಟೇಜಿನಿಂದ ಓಡಿ ಬಂದು, ಹೆಡ್‌ಮಿಸ್ಟ್ರೆಸ್ ಎನ್ನುವುದನ್ನೂ ಮರೆತು, ಅಕ್ಕನನ್ನು ತಬ್ಬಿಕೊಂಡು ಹೋ ಎಂದು ಅತ್ತರು. ಯಾರು ಮಾಡಿದ್ದು ಇದು ಎಂದು ಫಾದರ್ ಕೇಳಿದ್ದೇ ತಡ, ಗೋಪುರದಿಂದ ಆಗಷ್ಟೇ ಇಳಿದು ಬಂದಿದ್ದ ಅರೆಮಾತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ನಾನಲ್ಲ" ಎಂದ. ನಾನು ಬಿಡುತ್ತೇನೆಯೇ? ನನ್ನ ಬಾಯಿ ವಾಪಸ್ ಬಂದಿತ್ತು. ಅವನನ್ನೂ ಬಳಪನನ್ನೂ ಎದುರುಬದುರು ನಿಲ್ಲಿಸಿ ಕಕ್ಕಿಸಿದೆ.

"ಕಾರ್ಯಕ್ಕೂ ಕಾರ್ಯಕ್ರಮಕ್ಕೂ ನಡುವೆ ಎರಡೇ ಅಕ್ಷರ ಕಣೋ" ಎಂದಳು ಅಕ್ಕ ಅವನಿಗೆ. "ಆ ಎರಡಕ್ಷರ ನುಂಗೋಕೆ ಹೋಗಿ ನನ್ನನ್ನೇ ನುಂಗಿಬಿಟ್ಟೆಯಲ್ಲೋ!"

ಅವಳನ್ನು ಸ್ಟೇಜಿನ ಕುರ್ಚಿಯಲ್ಲಿ ಕೂರಿಸಿದರು. ಸಾವಿಗೆ ಬಂದ ಬೂದು ಬಟ್ಟೆಯಲ್ಲೇ ಕೂತಳು. ನಾನು ಹೊಲಿದ ನೀಲಿ ಬಟ್ಟೆ ಮಂಚದ ಮೇಲೆ ಬಿದ್ದಿತ್ತು, ನನ್ನ ಹಣೆಬರಹ. ಬಳಪ ಬ್ಯಾನರಿನ ಮುಂದೆ ಕುರ್ಚಿ ಹಾಕಿಕೊಂಡು ಹತ್ತಿ, ಮಾರ್ಕರಿನಿಂದ ಒತ್ತಿನ ಹೊಟ್ಟೆ ಸೀಳಿದ. ಬ್ಯಾನರ್ ತೆಗೆಯಬೇಕು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅದರ ಕೆಳಗೇ ಸನ್ಮಾನ ನಡೆಯಿತು. ಹೊಗಳುವುದನ್ನು ಎಲ್ಲರೂ ಆಗಲೇ ಹೊಗಳಿ ಮುಗಿಸಿದ್ದರಿಂದ, ಅಕ್ಕ ಬೇಡ ಎನ್ನಲು ಏನೂ ಉಳಿದಿರಲಿಲ್ಲ.

ಕೊನೆಗೆ ಅವಳು ಎದ್ದು ನಿಂತಳು. ಇದೇ ಕೊನೆಯ ಮಾತಿಗೆ ಹೆದರಿ ತಾನೇ ಇವಳು ಹಿಂದಿನ ಗೇಟಿನಿಂದ ಓಡಿ ಬಂದದ್ದು?

"ನಿನ್ನೆ ಮಕ್ಕಳನ್ನ ಕಾಯಿಸಿದ್ದು ತಪ್ಪಾಯ್ತು" ಎಂದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡಳು, ಮತ್ತೆ ಸರಿಮಾಡಿಕೊಂಡಳು. "ನಾನು ನಿಮಗೆ ಸುಳ್ಳು ಹೇಳಲ್ಲ. ಆಯ್ತು ಮಕ್ಕಳೇ, ನಾನು... ಹೋಗ್ತೀನಿ."

ಕಂಡಕ್ಟರು, ನರ್ಸು, ಬಳಪ, ಬೋಳುತಲೆಯವರು, ಮಗುವನ್ನು ಎತ್ತಿಕೊಂಡು ಬಂದವರು, ಇಡೀ ಹಾಲು ಒಂದೇ ದನಿಯಲ್ಲಿ ರಾಗವಾಗಿ ಕೂಗಿತು:

"ಹಾಗನ್ಬಾರ್ದು ಮಿಸ್!"

ಅಕ್ಕ ಬೆಚ್ಚಿಬಿದ್ದಳು. ಸಿಸ್ಟರ್ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟರು, ಥೇಟು ನಮ್ಮಕ್ಕನ ಹಾಗೆಯೇ. "ವಾಪಸ್ ಹೋಗಿ ಮಿಸ್. ಚೀಲ ಕೆಳಗಿಡಿ. ಕೂತ್ಕೊಳ್ಳಿ."

ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ನಮ್ಮಕ್ಕ ವಾಪಸ್ ಹೋದಳು. ಚೀಲ ಕೆಳಗಿಟ್ಟಳು. ಕೂತಳು.

"ಈಗ ಎದ್ದೇಳಿ. ಚೀಲ ಹಾಕ್ಕೊಳ್ಳಿ. ಹೇಳಿ."

ಅಕ್ಕ ಎದ್ದಳು. "ಸುಳ್ಳಾಗುತ್ತಲ್ಲೇ ಗಿಣಿ" ಎಂದಳು ಮೆಲ್ಲಗೆ.

"ಸುಳ್ಳಾಗದ ಹಾಗೆ ನೋಡ್ಕೊಳ್ಳಿ ಮಿಸ್."

ಲಾರಿಯ ಹಿಂದೆ ಓಡಿದ ಆ ಪುಟ್ಟ ಹುಡುಗಿ ನನಗೆ ಆಗ ಕಾಣಿಸಿದಳು. ಆಗ ನಾನಿನ್ನೂ ತೊಟ್ಟಿಲಲ್ಲಿದ್ದೆ, ಆದರೂ ಕಾಣಿಸಿದಳು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹೋಗಿ ಬರ್ತೀನಿ" ಎಂದಳು ಅಕ್ಕ.

ಸೋಮವಾರ ಬೆಳಿಗ್ಗೆ ನಾನು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಅಕ್ಕ ನೀಲಿ ಬಟ್ಟೆ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಹೊರಗೆ ಬಂದಳು. ತೋಳು ಸ್ವಲ್ಪ ಉದ್ದವಾಗಿತ್ತು, ಹೇಳಿದರೆ ಬಿಚ್ಚಿಟ್ಟು ಹೋಗುತ್ತಾಳೆಂದು ಸುಮ್ಮನಾದೆ.

"ಎಲ್ಲಿಗೇ ಹೊರಟೆ? ನಿನಗೆ ರಿಟೈರಾಗಿದೆ."

"ರಿಟೈರಾಗಿರೋದು ಸಂಬಳಕ್ಕೆ. ನಾನು ಬರ್ತೀನಿ ಅಂತ ಅಷ್ಟು ಜನರ ಮುಂದೆ ಹೇಳಿದ್ದೀನಲ್ಲ. ಆ ಬಳಪನಂಥೋರು ಪ್ರತಿ ವರ್ಷ ಇಬ್ಬರಾದ್ರೂ ಇರ್ತಾರೆ. ಅಂಥೋರನ್ನ ಪಕ್ಕಕ್ಕೆ ಕೂರಿಸಿಕೊಂಡು ಒತ್ತು ತಿದ್ದಿಸ್ತೀನಿ." ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ತಿರುಗಿ ನಿಂತಳು. "ಬರ್ತೀನಿ ಕಣೇ ಪುಟ್ಟಿ."

"ಹೂಂ, ಬಾ" ಎಂದೆ.

ಹಿಂದಿನ ಗಲ್ಲಿಗೆ ತಿರುಗದೆ ಮುಂದಿನ ಬೀದಿಯಲ್ಲೇ ಹೋದಳು. ಸ್ವಲ್ಪ ಹೊತ್ತಿಗೆ ಫೋನು ಬಂತು. ಅರೆಮಾತು. ಈ ಸಲ ಅವನು ಒಂದಕ್ಷರವನ್ನೂ ನುಂಗಲಿಲ್ಲ.

"ಮಿಸ್ ಬಂದ್ರು" ಎಂದು ಹೇಳಿ ಫೋನಿಟ್ಟ.